ಮಾಸ್ತರರ ನಗು ಯಾರ ಸ್ವತ್ತು?

ಮೊನ್ನೆ ಬೆಳಗ್ಗೆ ಕಾಫಿ ಲೋಟ ಹಿಡಿದು ಫೋನ್ ತೆರೆದರೆ, ನಾನು ಕಳ್ಳಿ ಅಂತ ಒಂದು ನೋಟೀಸು ಬಂದು ಕೂತಿತ್ತು.

ಅಷ್ಟು ನೇರವಾಗಿ ಬರೆದಿರಲಿಲ್ಲ ಬಿಡಿ. ಭಾಷೆ ಬಹಳ ಮರ್ಯಾದೆಯದು. 'ಪ್ರಿಯ ಹೊಸ ಸಂಪಾದಕರೇ, ನಿಮ್ಮ ಕೊಡುಗೆಗೆ ಧನ್ಯವಾದಗಳು. ನೀವು ಸೇರಿಸಿದ ಚಿತ್ರವು ಕೃತಿಸ್ವಾಮ್ಯವನ್ನು ಉಲ್ಲಂಘಿಸಿರುವ ಸಾಧ್ಯತೆ ಇರುವುದರಿಂದ ಅಳಿಸಲಾಗಿದೆ.' ಧನ್ಯವಾದ ಹೇಳಿ ಕೆನ್ನೆಗೆ ಬಾರಿಸುವುದು ಅಂದರೆ ಇದೇ ಅಲ್ಲವೇ? ಪಕ್ಕದ ಮನೆಯ ಹೂವನ್ನೂ ಕೇಳದೆ ಕೀಳದವಳು ನಾನು. (ಸರಿ, ಒಂದೆರಡು ಸಲ ದಾಸವಾಳ ಕಿತ್ತಿದ್ದೇನೆ. ಅದು ದೇವರಿಗೆ.)

ವಿಷಯಕ್ಕೆ ಬರುತ್ತೇನೆ. ಇಂಟರ್ನೆಟ್ಟಿನಲ್ಲಿ ಒಂದು ವಿಶ್ವಕೋಶ ಇದೆಯಲ್ಲ, ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಅನ್ನುವಂಥದ್ದು? ಅದಕ್ಕೆ ಕನ್ನಡದಲ್ಲಿ ಲೇಖನ ಬರೆಯುವುದು ಹೇಗೆ ಅಂತ ನಮ್ಮ ಪುಣೆಯ ಕನ್ನಡ ಬಳಗದವರು ಒಂದು ವರ್ಕ್‌ಶಾಪ್ ಮಾಡಿದರು. ವಿಮಾನ ನಗರದಲ್ಲಿ ನನ್ನ ಮನೆ ಹತ್ತಿರವೇ. ಮಧ್ಯಾಹ್ನ ಊಟವೂ ಇತ್ತು. ಹೋದೆ. ಒಬ್ಬೊಬ್ಬರೂ ಒಂದೊಂದು ವಿಷಯ ಆರಿಸಿಕೊಳ್ಳಿ ಅಂದರು. ನಾನು ಗುರುಪಾದ ಮಾಸ್ತರರನ್ನು ಆರಿಸಿಕೊಂಡೆ.

ಮಾಸ್ತರರು ಹೋದ ವರ್ಷ ತೀರಿಕೊಂಡರು. ಹಗಲು ಒಂದು ಕಾರ್ಖಾನೆಯ ಆಫೀಸಿನಲ್ಲಿ ಕ್ಲಾರ್ಕು, ಸಂಜೆ ಹಾಡಿನ ಬೇಟೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಹೆಂಗಸರು ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹೇಳುವ ಹಾಡುಗಳನ್ನು ಬರೆದುಕೊಂಡು ಮೂರು ಸಂಪುಟ ತಂದವರು. ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು, ಹಾಗಾಗಿ ಮಾಸ್ತರು. ಪತ್ರಿಕೆಗಳಲ್ಲಿ ಅವರ ಬಗ್ಗೆ ಲೇಖನಗಳು ಬಂದಿದ್ದವು, ಆಧಾರಕ್ಕೆ ಕೊರತೆ ಇರಲಿಲ್ಲ. ಪುಟ ಸರಸರ ಬರೆದೆ. ಅವರ ವರ್ಷದ ನೆನಪಿನ ಸಭೆಯಲ್ಲಿ ಅದನ್ನು ದೊಡ್ಡ ಸ್ಕ್ರೀನಿನ ಮೇಲೆ ತೋರಿಸುವುದು ಅಂತ ತೀರ್ಮಾನವೂ ಆಯಿತು.

ಇನ್ನು ಉಳಿದಿದ್ದು ಒಂದೇ. ಫೋಟೋ.

ಅದಕ್ಕೇನು ಬರ? ಮಾಸ್ತರರದ್ದು ಒಂದು ಫೋಟೋ ಪುಣೆಯ ಕನ್ನಡಿಗರಿಗೆಲ್ಲ ಗೊತ್ತು. ಟೆರೇಸಿನ ಕಟ್ಟೆ ಮೇಲೆ ಕೂತು, ಬಾಯಿತುಂಬ ನಗುತ್ತಿರುವುದು. ಜೀವನದಲ್ಲಿ ಅವರು ಹಾಗೆ ನಕ್ಕಿದ್ದನ್ನು ನೋಡಿದವರು ಕಡಿಮೆ. ಮಿಕ್ಕ ಫೋಟೋಗಳಲ್ಲೆಲ್ಲ ಯಾರೋ ಹ್ರಸ್ವ ದೀರ್ಘ ತಪ್ಪು ಮಾಡಿದಂಥ ಮುಖ. ತೀರಿಕೊಂಡಾಗ ಪುಣೆಯ ಕೊಂಢವಾದಲ್ಲಿ, ಅವರ ಮನೆ ಹತ್ತಿರದ ಚೌಕಿನಲ್ಲಿ ಇದೇ ಫೋಟೋದ ಶ್ರದ್ಧಾಂಜಲಿ ಫ್ಲೆಕ್ಸ್ ಹಾಕಿದ್ದರು. (ನಮ್ಮೂರಲ್ಲಿ ಹುಟ್ಟಿದರೂ ಫ್ಲೆಕ್ಸು, ಸತ್ತರೂ ಫ್ಲೆಕ್ಸು. ನಡುವೆ ಒಂದು ಸ್ಕೂಟರ್ ಕೊಂಡರೂ ಫ್ಲೆಕ್ಸು.) ವಾಟ್ಸಾಪ್ ಗುಂಪಿನಲ್ಲಂತೂ ಅದು ಎಷ್ಟು ಸಲ ಸುತ್ತಿತ್ತೋ ಲೆಕ್ಕವಿಲ್ಲ.

ಅಲ್ಲಿಂದಲೇ ತೆಗೆದು ಅಪ್‌ಲೋಡ್ ಮಾಡಿದೆ. 'ಇದು ನಿಮ್ಮ ಸ್ವಂತ ಕೃತಿಯೇ?' ಅಂತ ಕೇಳಿತು. ಫೋನ್ ನನ್ನದು, ಡೇಟಾ ನನ್ನದು, ಒತ್ತುತ್ತಿರುವ ಬೆರಳೂ ನನ್ನದು. 'ಹೌದು' ಅಂದೆ.

ಮರುದಿನವೇ ಆ ಧನ್ಯವಾದದ ಏಟು.

ನಾನೇನು ಸುಮ್ಮನೆ ಬಿಡುವವಳಾ? ಕೊಂಢವಾಕ್ಕೆ ಹೋದೆ. ಮಾಸ್ತರರ ಮಗ ಆನಂದ್ ಅಲ್ಲೇ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದಾರೆ. ಅವರ ಮನೆಯ ಗೋಡೆಯ ಮೇಲೆ ಅದೇ ಫೋಟೋ ದೊಡ್ಡದಾಗಿ ಫ್ರೇಮಿನಲ್ಲಿತ್ತು. ಗಂಧದ ಹಾರ ತೆಗೆಸಿ, ನಾನೇ ನನ್ನ ಕೈಯಾರೆ ಆ ಫ್ರೇಮಿನ ಫೋಟೋ ತೆಗೆದೆ. ಈಗ ಯಾರು ಕೇಳುತ್ತಾರೆ? ನಾನೇ ತೆಗೆದದ್ದಲ್ಲವೇ?

ಮತ್ತೆ ಧನ್ಯವಾದ. ಮತ್ತೆ ಅಳಿಸಿದ್ದು.

ಈ ಸಲ ಅಲ್ಲಿನ ಒಬ್ಬ ಹಳೆಯ ಸ್ವಯಂಸೇವಕರು ವಿವರಣೆಯನ್ನೂ ಬರೆದಿದ್ದರು. ಹೆಸರು ಗೊತ್ತಿಲ್ಲ, ಅಲ್ಲಿ ಎಲ್ಲರಿಗೂ ಗುಪ್ತನಾಮ. ನಾನು ಮನಸ್ಸಿನಲ್ಲೇ ನಿಯಮ ಮಹಾಶಯರು ಅಂತ ನಾಮಕರಣ ಮಾಡಿದೆ. ಅವರು ಹೇಳಿದ್ದಿಷ್ಟು: 'ಫೋಟೋದ ಫೋಟೋ ತೆಗೆದರೆ ಅದು ನಿಮ್ಮದಾಗುವುದಿಲ್ಲ. ಮನೆ ಪತ್ರದ ಜೆರಾಕ್ಸ್ ಮಾಡಿಸಿದರೆ ಮನೆ ನಿಮ್ಮದಾಗುತ್ತದೆಯೇ? ಮೂಲ ಚಿತ್ರ ತೆಗೆದವರು ಯಾರೋ ಅವರೇ ಒಡೆಯರು. ಅವರಿಂದ ಅನುಮತಿಯ ಇ-ಮೇಲ್ ಕಳಿಸಿ.'

ಮೂಲ ಚಿತ್ರ ತೆಗೆದವರು ಯಾರು? ಆನಂದ್‌ಗೆ ಫೋನ್ ಮಾಡಿದೆ.

"ಅಪ್ಪ ನಮ್ಮಾವರು. ಫ್ರೇಮು ನಮ್ಮದು. ಗ್ವಾಡಿ ನಮ್ಮದು. ಫೋಟೋ ನಮ್ಮದ ಅಲ್ಲೇನ್ರಿ?" ಅಂದರು. ನ್ಯಾಯವಾಗಿಯೇ ಇತ್ತು.

ಫ್ಲೆಕ್ಸ್ ಮಾಡಿದವನನ್ನು ಹಿಡಿದೆ. "ಡಿಝೈನ್ ಆಮಚಂ ಆಹೆ, ಮ್ಯಾಡಮ್" ಅಂದ ಅವನು ಮರಾಠಿಯಲ್ಲಿ, ಡಿಝೈನ್ ನಮ್ಮದೇ ಅಂತ ಎದೆಯುಬ್ಬಿಸಿ. ಮಾಸ್ತರರ ಹಿಂದೆ ಬಟ್ಟೆ ಒಣಗಿಸಿದ ಹಗ್ಗವಿತ್ತಂತೆ. ಅದನ್ನು ಅಳಿಸಿ ಹಿಮದ ಬೆಟ್ಟ ಹಾಕಿದವನು ಅವನು. ಹಾಗಾದರೆ ಬೆಟ್ಟ ಅವನದು, ನಗು ಯಾರದು? ಅವನು ತಲೆ ಕೆರೆದುಕೊಂಡ. ನಾನೂ ಕೆರೆದುಕೊಂಡೆ.

ಒಂದು ಮಾತು ಹೇಳಿ. ನಮ್ಮ ಮದುವೆಯ ಆಲ್ಬಮ್ ನಮ್ಮದು ಅಂತ ಇಷ್ಟು ದಿನ ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದೇವಲ್ಲ, ಅದು ನಿಜವಾಗಿ ಯಾರದು? ನಿಮ್ಮದು ಎಂದು ಆಣೆ ಮಾಡಿ ಹೇಳಬಲ್ಲಿರಾ? ನಾನಂತೂ ಆ ವಾರ ಯಾವುದಕ್ಕೂ ಆಣೆ ಮಾಡುವ ಸ್ಥಿತಿಯಲ್ಲಿರಲಿಲ್ಲ. ಲೈಸೆನ್ಸು, ಮುಕ್ತ, ಅರೆಮುಕ್ತ, ನ್ಯಾಯಯುತ ಬಳಕೆ ಅಂತ ಓದಿ ಓದಿ, ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಮುಟ್ಟುವಾಗಲೂ ಯಾರನ್ನಾದರೂ ಕೇಳಬೇಕೇನೋ ಅನ್ನಿಸತೊಡಗಿತ್ತು.

ಸಭೆ ಭಾನುವಾರ. ಶುಕ್ರವಾರ ಮತ್ತೆ ಕೊಂಢವಾಕ್ಕೆ ಹೋಗಿ ಆನಂದ್ ಎದುರು ಕೂತೆ. ಯಾವುದಾದರೂ ಸ್ಟುಡಿಯೋದವರು ತೆಗೆದದ್ದಾ, ನೆನಪು ಮಾಡಿಕೊಳ್ಳಿ ಅಂತ ಗೋಗರೆದೆ. ನೀಲಾಕಾಕು ಅವಲಕ್ಕಿ ತಂದಿಟ್ಟರು. ಮಾಸ್ತರರ ಹೆಂಡತಿ. ನಾವೆಲ್ಲ ಇಲ್ಲಿನ ಮರಾಠಿಯವರ ಹಾಗೆ ಕಾಕು, ಅಂದರೆ ಚಿಕ್ಕಮ್ಮ, ಅನ್ನುವುದೇ. ಕಡಿಮೆ ಮಾತು.

"ಯಾವ ಫೋಟೋ? ಗ್ವಾಡಿ ಮ್ಯಾಲಿಂದಾ? ಅದನ್ನ ತಗದಾಕಿ ನಾನ ಅಲ್ಲೇನು?" ಅಂದರು.

ಆನಂದ್ ನಂಬಲಿಲ್ಲ. "ಅವ್ವಾ, ಅದು ಸ್ಟುಡಿಯೋದಾಂವ ತಗದದ್ದಿರಬೇಕು."

"ಸ್ಟುಡಿಯೋದಾಂವ ನಮ್ಮ ಟೆರೇಸಿಗೆ ಯಾಕ ಬರ್ತಾನ? ಸಂಡಿಗಿ ಕಾಯ್ಲಿಕ್ಕೆ?" ಕಾಕು ಕೂತರು. "ಸಂಡಿಗಿ ಹಾಕ್ಲಿಕ್ಕೆ ಹೋಗಿದ್ದೆ. ಕಾಗಿ ಹೊಡಿಲಿಕ್ಕೆ ಅಂತ ಇವರನ್ನ ಕೂಡಿಸಿದ್ದೆ. ನಿನ್ನ ಮೊಬೈಲ್ ನನ್ನ ಕೈಯಾಗಿತ್ತು. ಒತ್ತಿದೆ."

"ಅಷ್ಟೊಂದು ನಕ್ಕಿದ್ದಾರಲ್ಲ ಕಾಕೂ, ಏನು ಹೇಳಿದ್ರಿ?" ನಾನು ಕೇಳಿದೆ.

"ನಿಮ್ಮ ಹಾಡಿನ ಹಾಳಿ ಎಲ್ಲಾ ರದ್ದಿಯವಗ ಹಾಕಿ, ಆ ರೊಕ್ಕದಾಗ ಸ್ಟೀಲಿನ ಡಬ್ಬಿ ತಗೊಂಡೇನಿ ಅಂದೆ. ಚ್ಯಾಷ್ಟಿ ಅಂತ ತಿಳದು ನಕ್ಕರು."

"ಚೇಷ್ಟೆ ಅಲ್ವಾ?"

"ಒಂದ ಕಟ್ಟು ಹಾಕಿದ್ದೆ ತಂಗಿ. ಡಬ್ಬಿ ಇನ್ನೂ ಅದ."

ನಾನು ಸಂತೋಷದಲ್ಲಿ ಅವಲಕ್ಕಿ ಚೆಲ್ಲಿಕೊಂಡೆ. ಒಡೆಯರು ಸಿಕ್ಕಿದರು! ಅಷ್ಟರಲ್ಲಿ ಆನಂದ್ ಅಡ್ಡ ಬಾಯಿ ಹಾಕಿದರು. "ಮೊಬೈಲ್ ನಂದಲ್ಲರಿ? ಹಂಗಾದ್ರ ಫೋಟೋ ನಂದಾತು. ನಾನ ಅನುಮತಿ ಕೊಡ್ತೇನಿ, ಬರಕೊಳ್ರಿ."

ನಾನು ಉತ್ತರ ಹುಡುಕುವ ಮೊದಲೇ ಕಾಕು ಹೇಳಿದರು. "ಒಲಿ ನಿಮ್ಮಪ್ಪ ತಂದದ್ದು. ಅಡಿಗಿನೂ ಅವರ ಮಾಡಿದಂಗಾತೇನು?"

ಆನಂದ್ ಅವಲಕ್ಕಿ ತಿನ್ನತೊಡಗಿದರು.

"ಹಂಗಾದ್ರ ಆ ಫೋಟೋ ನಂದು?" ಕಾಕು ನನ್ನ ಕಡೆ ತಿರುಗಿದರು.

"ನಿಮ್ದೇ ಕಾಕೂ."

"ಮನಿ ಇವನ ಹೆಸರಿಲೆ ಅದ. ಪುಸ್ತಕ ಅವರ ಹೆಸರಿಲೆ ಅವ. ಫೋಟೋ ನಂದು."

"ಹೌದು. ನೀವು ಹೂಂ ಅಂದ್ರೆ ಸಾಕು. ಇ-ಮೇಲ್ ನಾನು ಟೈಪ್ ಮಾಡ್ತೀನಿ."

"ಹೂಂ ಅಂದ್ರ ಏನಾಗ್ತದ?"

ಮುಕ್ತ ಲೈಸೆನ್ಸ್ ಎಂದರೆ ಏನೆಂದು ವಿವರಿಸಿದೆ. ಯಾರು ಬೇಕಾದರೂ ಬಳಸಬಹುದು. ತಿದ್ದಬಹುದು. ಮಾರಲೂಬಹುದು. ನಿಮ್ಮ ಹೆಸರು ಹಾಕಬೇಕು ಅಷ್ಟೆ, ಚಿತ್ರದ ಪುಟದಲ್ಲಿ, ಕೆಳಗೆ. ಒಮ್ಮೆ ಕೊಟ್ಟರೆ ವಾಪಸ್ ತೆಗೆದುಕೊಳ್ಳುವಂತಿಲ್ಲ. ಕನ್ಯಾದಾನದಲ್ಲೂ ಇಷ್ಟು ಕರಾರು ಇರಲಿಕ್ಕಿಲ್ಲ.

"ನೀ ಬರದದ್ದು ಓದು ನೋಡೂಣು" ಅಂದರು ಕಾಕು.

ಓದಿದೆ. ಜನನ, ಶಿಕ್ಷಣ, ವೃತ್ತಿ, ಕೃತಿಗಳು, ಪ್ರಶಸ್ತಿಗಳು. 'ಇವರು ಪುಣೆಯ ಕನ್ನಡ ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿದರು.' ವೈಯಕ್ತಿಕ ಜೀವನ ಅನ್ನುವ ಭಾಗದಲ್ಲಿ, 'ವಿವಾಹಿತರು. ಒಬ್ಬ ಮಗ.'

"ಹಾಡು ಹೇಳಿದವರು ಯಾರು ಅಂತ ಇಲ್ಲ?"

"ಇಲ್ಲ ಕಾಕೂ. ಪುಸ್ತಕದಲ್ಲೂ ಇಲ್ಲ."

"ಮೊದಲನೇ ಪುಸ್ತಕದಾಗಿನ ಹಾಡು ಎಲ್ಲಾ ನಾ ಹೇಳಿದ್ದು. ಎರಡನೇದ್ರಾಗ ಸಾಸವಡದ ನಮ್ಮ ಗಿರಿಜವ್ವನೂ ಆಕಿ ಸೊಸೀನೂ ಹೇಳಿದ್ದು. ನಾವು ಹೇಳ್ತಿದ್ದಿವಿ, ಇವರು ಬರಕೋತಿದ್ದರು. ಸಿಟ್ಟಿಲೆ ಹೇಳಾಕತ್ತಿಲ್ಲ. ಅವರು ಬರೀದಿದ್ರ ಹಾಡು ಹೋಗ್ತಿದ್ದುವು. ಆದ್ರ ಹೇಳಿದಾಕಿ ನಾನು, ಅದು ಖರೇ."

ನನಗೆ ನಾಚಿಕೆಯಾಯಿತು. ಸಂಕಟವೂ ಆಯಿತು. ಮೂರು ಸಂಪುಟವನ್ನೂ ಓದಿ ಆಧಾರ ಕೊಟ್ಟು ಪುಟ ಬರೆದವಳಿಗೆ, ಈ ಹಾಡುಗಳಿಗೆ ಒಂದು ಬಾಯಿ ಇದ್ದಿರಬೇಕು ಅಂತ ಹೊಳೆದಿರಲೇ ಇಲ್ಲ.

"ಫೋಟೋ ಒತ್ತಿದವರದು ಅಂತೀದಿ. ಹಾಡು ಯಾರದು? ಹೇಳಿದವರದೋ, ಬರಕೊಂಡವರದೋ?" ಕಾಕು ಕೇಳಿದರು.

ನೀವೇ ಹೇಳಿ, ನಾನು ಏನು ಹೇಳಬೇಕಿತ್ತು?

"ನಮ್ಮ ಹೆಸರು ಅದ್ರಾಗ ಹಾಕು. ಆಮ್ಯಾಲ ಫೋಟೋ ತಗೋ."

ಇಷ್ಟೇ ತಾನೇ? ಅಲ್ಲೇ ಕೂತು ಒಂದು ಸಾಲು ಸೇರಿಸಿದೆ. ನಿಯಮ ಮಹಾಶಯರು ಅವತ್ತು ಬಿಡುವಾಗಿದ್ದರು ಅಂತ ಕಾಣುತ್ತದೆ, ಎರಡನೇ ಚಹಾ ಬರುವಷ್ಟರಲ್ಲಿ ಸಾಲು ಮಾಯ. 'ಧನ್ಯವಾದಗಳು. ಆದರೆ ಈ ಮಾಹಿತಿಗೆ ಪ್ರಕಟಿತ ಆಧಾರ ಬೇಕು. ಕುಟುಂಬದವರ ಬಾಯಿಮಾತನ್ನು ಆಧಾರವಾಗಿ ಪರಿಗಣಿಸಲಾಗದು.'

ನಾನು ಅವರ ಜೊತೆ ಜಗಳಕ್ಕೆ ಬಿದ್ದೆ. ಫೋಟೋ ಯಾರದು ಅನ್ನುವುದಕ್ಕೆ ಈ ಅಮ್ಮನ ಮಾತೇ ಬೇಕು ಅಂತೀರಿ, ಹಾಡು ಯಾರದು ಅನ್ನುವುದಕ್ಕೆ ಇದೇ ಅಮ್ಮನ ಮಾತು ಬೇಡ ಅಂತೀರಿ, ಇದು ಯಾವ ಸೀಮೆ ನ್ಯಾಯ? ಅವರು ತಾಳ್ಮೆಯಿಂದ ಉತ್ತರಿಸಿದರು. ಒಂದು ಹಕ್ಕಿನ ಪ್ರಶ್ನೆ, ಇನ್ನೊಂದು ಮಾಹಿತಿಯ ಪ್ರಶ್ನೆ. ಎರಡಕ್ಕೂ ಬೇರೆ ಬೇರೆ ನಿಯಮ. ಯಾರು ಬೇಕಾದರೂ ಏನು ಬೇಕಾದರೂ ಹೇಳಿಕೊಂಡು ಬಂದರೆ ವಿಶ್ವಕೋಶ ಉಳಿಯುತ್ತದೆಯೇ? ಓದಿದರೆ ಸರಿ ಅನ್ನಿಸುತ್ತದೆ. ತಲೆಯೆತ್ತಿ ಕಾಕು ಮುಖ ನೋಡಿದರೆ ತಪ್ಪು ಅನ್ನಿಸುತ್ತದೆ. ಎರಡೂ ಹೇಗೆ ಸಾಧ್ಯ? ನನಗೆ ಈಗಲೂ ಗೊತ್ತಾಗಿಲ್ಲ.

ಕಾಕುಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಪುಸ್ತಕದಲ್ಲಿ ಹೆಸರಿಲ್ಲದ್ದಕ್ಕೆ ಪುಟದಲ್ಲೂ ಹೆಸರಿಲ್ಲ, ಅಂದೆ.

"ಬ್ಯಾಡ ಅಂದ್ರೂ ನಡೀತದೇನು? ಫೋಟೋಕ್ಕ?"

"ನಡೆಯುತ್ತೆ ಕಾಕೂ. ಅದು ನಿಮ್ಮ ಹಕ್ಕು."

"ಹಂಗಾದ್ರ ಬ್ಯಾಡ."

"ಅವ್ವಾ!" ಅಂದರು ಆನಂದ್. "ಅಪ್ಪನ ಫೋಟೋ! ಮಂದಿ ಏನಂತಾರ? ಒಂದು ಹೂಂ ಅನ್ನಲಿಕ್ಕೆ ಏನಾಗ್ತದ ನಿನಗ?"

"ಎಲ್ಲಾದಕ್ಕೂ ಹೂಂ ಅಂತಾನ ಬಂದೇನಲ್ಲೋ. ಈ ತಂಗಿ ಒಬ್ಬಾಕಿ ಕೇಳ್ಯಾಳ. ಕೇಳಿದವರಿಗೆ ಖರೇ ಹೇಳಬೇಕಲ್ಲ?" ಕಾಕು ನನ್ನ ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿದರು. ಸಿಟ್ಟು ಇರಲಿಲ್ಲ ಮುಖದಲ್ಲಿ. ಖುಷಿ ಇತ್ತು ಅಂದರೆ ಆನಂದ್ ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ಇತ್ತು.

ಭಾನುವಾರ ಸಭೆ ತುಂಬಿತ್ತು. ಸ್ಕ್ರೀನಿನ ಮೇಲೆ ಪುಟ ಬಂತು. ಪ್ರಶಸ್ತಿಗಳ ಪಟ್ಟಿ ಚೆನ್ನಾಗಿ ಕಂಡಿತು. ಫೋಟೋ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

ಬಳಗದ ಕಾರ್ಯದರ್ಶಿಗಳು ಮೈಕಿನಲ್ಲೇ ಕೇಳಿದರು. "ಇದೇನ್ರಿ ಮೇಡಮ್, ಮಾಸ್ತರ ಫೋಟೋನ ಇಲ್ಲ?"

ನಾನು ಎದ್ದು ನಿಂತು ತೊದಲಿದೆ. ಕೃತಿಸ್ವಾಮ್ಯ, ನಿಯಮ, ಅನುಮತಿ ಸಿಗಲಿಲ್ಲ...

"ಮಾಸ್ತರ ಫೋಟೋಕ್ಕ ಯಾರ ಅನುಮತಿ ಬೇಕ್ರಿ? ಯಾರು ಕೊಡಲಿಲ್ಲ?"

ಮುಂದಿನ ಸಾಲಿನಲ್ಲಿ ಕೂತಿದ್ದ ನೀಲಾಕಾಕು ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. "ನಂದ್ರಿ. ನಾ ಕೊಡಲಿಲ್ಲ" ಅಂದರು.

ಇಡೀ ಸಭೆ ಅವರ ಕಡೆ ತಿರುಗಿತು. ಯಾಕೆ ಅಂತ ಒಬ್ಬರು ಕೇಳಿದರು, ಹಾಡು ಹೇಳಿದವರ ಹೆಸರು ಎಲ್ಲೂ ಇಲ್ಲದ್ದನ್ನು ಕಾಕು ಹೇಳಿದರು. ಮೊದಲನೇ ಸಂಪುಟದ ಮೊದಲನೇ ಹಾಡನ್ನೂ ಅಲ್ಲೇ ನಿಂತು ಹೇಳಿದರು.

ಕಾಕು ಹೂಂ ಅಂದಿದ್ದರೆ, ಒಬ್ಬರಾದರೂ ತಿರುಗಿ ನೋಡುತ್ತಿದ್ದರಾ?