ಎಂಟನೆಯ ಸ್ಥಳದಲ್ಲಿ ಬಿದ್ದವನು

ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷ. ಜುಜೆಣ್ಣ ನೀರು ಕೇಳಿದ್ದು ನನಗೆ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ನಾಲ್ಕು ವರ್ಷ ಹೇಳುತ್ತ ಬಂದದ್ದು ಸುಳ್ಳು.

ಶುಭ ಶುಕ್ರವಾರ ನಮ್ಮಲ್ಲಿ ಯೇಸುವಿನ ಶಿಲುಬೆ ಹಾದಿಯನ್ನು ವೇಷ ಕಟ್ಟಿ ನಡೆಸುತ್ತೇವೆ — ಹೆದ್ದಾರಿಯಿಂದ ಗುಡ್ಡದ ಮೇಲಿನ ಇಗರ್ಜಿಯವರೆಗೆ, ಹದಿನಾಲ್ಕು ಸ್ಥಳಗಳಲ್ಲಿ ನಿಂತು. ಆ ವರ್ಷ ಯೇಸುವಾದದ್ದು ಕಿರವತ್ತಿಯ ಡಾಬಾದಲ್ಲಿ ರೊಟ್ಟಿ ಮಾಡುವ ಜುಜೆಣ್ಣ. ಹಿಂದಿನ ದಿನದಿಂದ ಉಪವಾಸ; ಹೆಗಲ ಮೇಲೆ ಮತ್ತಿಮರದ ಶಿಲುಬೆ. ನಾನು ರೋಮನ್ ಸೈನಿಕ, ಕೈಯಲ್ಲಿ ಹಗ್ಗದ ಚಾಟಿ. ಎಂ.ಎ. ಓದಿದವನೆಂದು ಆಟದ ಮಾತು ಬರೆದವನೂ ನಾನೇ.

ಯೇಸು ಮೂರು ಸಲ ಬೀಳುತ್ತಾನೆ — ಮೂರನೆಯ, ಏಳನೆಯ, ಒಂಬತ್ತನೆಯ ಸ್ಥಳದಲ್ಲಿ. ಎಂಟನೆಯದರಲ್ಲಿ ಬೀಳುವುದಿಲ್ಲ; ಅಲ್ಲಿ ಅಳುವ ಹೆಂಗಸರೊಡನೆ ನಿಂತು ಮಾತಾಡುತ್ತಾನೆ. ಜುಜೆಣ್ಣ ಬಿದ್ದದ್ದು ಎಂಟನೆಯದರಲ್ಲಿ.

ಜನ ಅದೂ ಆಟವೆಂದುಕೊಂಡರು. “ಡಾಬಾದಾಗೂ ಹಿಂಗೇ ದುಡಿದಿದ್ರೆ ಇಷ್ಟೊತ್ತಿಗೆ ಮಾಲಕ ಆಗ್ತಿದ್ದ!” ಎಂದು ಯಾರೋ ನಕ್ಕರು. ಫೋನುಗಳು ಮೇಲೆದ್ದವು. ನಾನು ಬಾಗಿ ನೋಡಿದೆ. ಅವನ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು.

“ತಮ್ಮಾ, ನೀರು ಕೊಡೋ... ಇದು ಆಟ ಅಲ್ಲೋ.”

ನಾಲ್ಕು ಮಾರು ದೂರದಲ್ಲಿ ಅವನ ಹೆಂಡತಿ ಹಾಡುತ್ತಿದ್ದಳು. ಅವಳ ಕೈಚೀಲದಲ್ಲಿ ನೀರಿನ ಬಾಟಲಿ ಇತ್ತು. ಕರೆದಿದ್ದರೆ — ಆದರೆ ಜನ ಅಳುತ್ತಿದ್ದರು, ನಾನು ಬರೆದದ್ದಕ್ಕೆ ಅಳುತ್ತಿದ್ದರು. ಅದು ನಿಲ್ಲುವುದು ನನಗೆ ಬೇಡವಾಗಿತ್ತು. ಚಾಟಿ ಎತ್ತಿದೆ. “ಏಳು!” ಎಂದೆ.

ಅವನು ಎದ್ದ. ಇಂದಿಗೂ ನನ್ನ ಕಣ್ಣ ಮುಂದೆ ಅವನು ಏಳುತ್ತಾನೆ, ಹತ್ತು ಹೆಜ್ಜೆ ಇಡುತ್ತಾನೆ, ಆಮೇಲೆ — ಶಿಲುಬೆಯಡಿ ಸಿಕ್ಕವನನ್ನು ಎಳೆದು ಜೀಪಿನಲ್ಲಿ ಹುಬ್ಬಳ್ಳಿಗೆ ಒಯ್ದರು.

ಯೇಸು ಎದ್ದು ಬಂದನೆಂದು ಪಾಸ್ಕದ ಭಾನುವಾರ ಗಂಟೆ ಹೊಡೆಯುತ್ತಿದ್ದಾಗ ಸುದ್ದಿ ಬಂತು: ಲಕ್ವ ಹೊಡೆದಿತ್ತು; ಜೀವ ಉಳಿಯಿತು, ಬಲಗೈ ಸ್ವಾಧೀನ ತಪ್ಪಿತು. ಯಾರೋ ನನ್ನನ್ನು ಬೈದಾಗ ಅವನೇ ತಡೆದನಂತೆ: “ಅವ್ನಿಗೇನ್ ಗೊತ್ತು, ಪಾಪ. ಬಿಡ್ರಿ.”

ಯೇಸು ಶಿಲುಬೆಯ ಮೇಲಿಂದ ಕ್ಷಮೆ ಬೇಡಿದ್ದು ತಾವೇನು ಮಾಡುತ್ತಿದ್ದೇವೆಂದು ತಿಳಿಯದವರಿಗಾಗಿ. ನನಗೆ ತಿಳಿದಿತ್ತು. ಆ ಕ್ಷಮೆಯನ್ನು ಕದ್ದು ಇಟ್ಟುಕೊಂಡೆ.

ಶಿರಸಿಗೆ ಬಂದು ಕೋಣೆ ಹಿಡಿದೆ. ಪೂಜೆಗೆ ಹೋದರೂ ಕೊನೆಯ ಬೆಂಚು. ಪರಮಪ್ರಸಾದಕ್ಕೆ ಎಲ್ಲರೂ ಏಳುವಾಗ ನಾನೊಬ್ಬನೇ ಕೂತಿರುತ್ತಿದ್ದೆ. ಪಾಪನಿವೇದನೆಯಲ್ಲಿ ಪಾದ್ರಿಗಳಿಗೆ ಬೇರೆ ಏನೇನೋ ಹೇಳಿದೆ, ಇದನ್ನಲ್ಲ. ನಿದ್ದೆ ಹತ್ತಿದೊಡನೆ ಆ ದನಿ ಕೇಳಿಸಿ ಎಚ್ಚರವಾಗುತ್ತಿತ್ತು.

ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ಹಾಗೆಯೇ ಇತ್ತು, ಬಿಟ್ಟು ಓಡಿದವರಿಗೆ ಆತ ತೋರಿಸಿದ್ದು ಅದನ್ನೇ — ಈ ವರ್ಷ ಪಾಸ್ಕದ ಪ್ರಸಂಗದಲ್ಲಿ ಪಾದ್ರಿಗಳು ಹಾಗೆಂದಾಗ ನನಗೆ ಕೂರಲಾಗಲಿಲ್ಲ. ಮಾರನೆಯ ದಿನ ಬಸ್ಸು ಹತ್ತಿದೆ.

ಜುಜೆಣ್ಣ ಡಾಬಾದ ಬಾಗಿಲಲ್ಲಿ ಕೂತಿದ್ದ. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಎಲ್ಲ ಹೇಳಿದೆ.

“ನಂಗೆ ಗೊತ್ತಿತ್ತು. ನನ್ನ ಮುಖ ನೋಡಿದ್ಯಲ್ಲೋ ನೀನು. ಯಾವಾಗ ಬರ್ತೀಯ ಅಂತ ಕಾಯ್ತಿದ್ದೆ.”

ಎಡಗೈಯಲ್ಲಿ ಜಗ್ಗು ಎತ್ತಿ ಲೋಟಕ್ಕೆ ನೀರು ಬಗ್ಗಿಸಿ ನನ್ನತ್ತ ಸರಿಸಿದ. ಅರ್ಧ ಮೇಜಿನ ಮೇಲೆ ಚೆಲ್ಲಿತು.

“ಕುಡಿ. ಕುಡಿದು ನಿಮ್ಮ ಅತ್ತಿಗೆಗೂ ಹೇಳು. ಬಾಟ್ಲಿ ಚೀಲದಾಗೇ ಇತ್ತು, ಗಂಡಂಗೆ ಒಂದ್ ಗುಟುಕು ಕೊಡಲಿಲ್ಲ ಅಂತ ಇವತ್ತಿಗೂ ತನ್ನನ್ನೇ ಬೈಕೊಳ್ತಾಳೆ.”

ಇದು — ಇದು ನನಗೆ ನಿಜವಾಗಿ ಗೊತ್ತಿರಲಿಲ್ಲ.

ಮನೆಗೆ ಹೋಗಿ ಹೇಳಿದೆ. ಅತ್ತಿಗೆ ಪೂರ್ತಿ ಕೇಳಿದಳು. ಎದ್ದು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ.

ಆ ಸೋಮವಾರ ರಾತ್ರಿ, ನಾಲ್ಕು ವರ್ಷಗಳಲ್ಲಿ ಮೊದಲ ಸಲ, ಬೆಳಗಿನವರೆಗೆ ನಿದ್ದೆ ಮಾಡಿದೆ. ಅವಳು ಮಾಡಿದಳೋ ಇಲ್ಲವೋ, ಗೊತ್ತಿಲ್ಲ.