ಕೆಂಪು ಬ್ಯಾಟಿನ ತೂಕ

ಶಾಲೆಯ ವಿಜ್ಞಾನ ಕೋಣೆಯ ತಕ್ಕಡಿಗೆ ಒಂದು ಕಡೆ ನನ್ನ ಕಪ್ಪು ಶಟಲ್ ಬ್ಯಾಟು, ಇನ್ನೊಂದು ಕಡೆ ಶಬಾನಾಳ ಕೆಂಪು ಬ್ಯಾಟು ನೇತುಹಾಕಿ ಮುಳ್ಳು ನೋಡುತ್ತಿದ್ದೆ. ತಲೆಯೆತ್ತಿದರೆ ಬಾಗಿಲಲ್ಲಿ ಶಬಾನಾಳೇ ನಿಂತಿದ್ದಾಳೆ!

ಹಾನಗಲ್ಲಿನ ಈ ಶಾಲೆಯಲ್ಲಿ ನಾವಿಬ್ಬರೂ ಶಿಕ್ಷಕಿಯರು. ಒಂದೇ ಅಂಗಡಿಯಲ್ಲಿ, ಒಂದೇ ಮಾಡೆಲ್ ಬ್ಯಾಟು ಕೊಂಡಿದ್ದೆವು, ಬಣ್ಣವಷ್ಟೇ ಬೇರೆ. ಆದರೂ ದಿನಾ ಸಂಜೆ ಗೆಲ್ಲುವವಳು ಅವಳೇ. ನೌಕರರ ಕ್ರೀಡಾಕೂಟ ಹತ್ತಿರ ಬಂದಂತೆ ನನಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಆ ಕೆಂಪು ಬ್ಯಾಟಿನಲ್ಲೇ ಏನೋ ಇದೆ ಅನ್ನಿಸಿತ್ತು. ತಕ್ಕಡಿಯ ಮುಳ್ಳು ಮಾತ್ರ ನಟ್ಟನಡುವೆ ನಿಂತಿತ್ತು. ತಕ್ಕಡಿಯೇ ಕೆಟ್ಟಿರಬೇಕು ಅಂದುಕೊಂಡೆ.

ಶಬಾನಾ ಸಿಟ್ಟಾಗಲಿಲ್ಲ. “ತೂಗೂದ್ಯಾಕ್ರಿ ಅಕ್ಕೋರ, ಬದ್ಲಿ ಮಾಡ್ಕೊಳ್ಳೋಣ ತಗೋರಿ. ನನಗೂ ನಿಮ್ಮ ಕರೀ ಬ್ಯಾಟಿನ ಮ್ಯಾಲ ಕಣ್ಣಿತ್ತು” ಎಂದು ನಕ್ಕಳು. ಅವಳ ಮನಸ್ಸು ಬದಲಾಗುವ ಮೊದಲೇ ನಾನು ಕೆಂಪು ಬ್ಯಾಟು ಎತ್ತಿಕೊಂಡೆ.

ಅಂದು ಸಂಜೆಯೂ ಸೋತೆ. ಕ್ರೀಡಾಕೂಟದಲ್ಲಿ ಶಬಾನಾ ನನ್ನ ಕಪ್ಪು ಬ್ಯಾಟಿನಿಂದಲೇ ಕಪ್ ಗೆದ್ದಳು. ನಾನು ಕೆಂಪು ಬ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ಚಪ್ಪಾಳೆ ತಟ್ಟಿದೆ. ತಟ್ಟುತ್ತಲೇ ಅನ್ನಿಸಿತು: ಕೊಡುವ ಮೊದಲು ಆ ಕಪ್ಪು ಬ್ಯಾಟನ್ನು ಬೇರೆ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಬೇಕಿತ್ತು.