ಒರೆಸಣ್ಣ ಜೋಡಿಸಿದ ಕಂಪ್ಯೂಟರ್

ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದಷ್ಟು ಸಣ್ಣ ಕೋಣೆ. ಅಲ್ಲಿ ಲೆನ್ಸ್ ಉಜ್ಜುವ ಯಂತ್ರದ ಮುಂದೆ ಇಪ್ಪತ್ತೆರಡು ವರ್ಷದಿಂದ ಕೂತಿರುವ ಮನುಷ್ಯನಿಗೆ ಜೊತೆಯವರು ಇಟ್ಟ ಹೆಸರು ಒರೆಸಣ್ಣ. ಹೆಸರು ಸುಮ್ಮನೆ ಬಂದದ್ದಲ್ಲ. ಎದುರಿಗೆ ಬಂದವರ ಮೂಗಿನ ಮೇಲೆ ಮಸುಕಾದ ಕನ್ನಡಕ ಕಂಡರೆ ಸಾಕು, ಮಾತಿಗೆ ಮುಂಚೆ ಕೈ ಚಾಚಿ ಅದನ್ನು ತೆಗೆದು, ಜೇಬಿನ ಬಟ್ಟೆಯಿಂದ ಒರೆಸಿ, ವಾಪಸ್ ಮೂಗಿನ ಮೇಲೆ ಕೂರಿಸಿದ ಮೇಲೆಯೇ ಏನಾಗಬೇಕಿತ್ತು ಎಂದು ವಿಚಾರಿಸುವುದು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಕಿಟಕಿಯ ಗತಿಯೂ ಅದೇ. "ಇವನನ್ನ ಹೀಗೇ ಬಿಟ್ರೆ ಗೋಡೆ ಮೇಲಿನ ಬಣ್ಣಾನೂ ಒರೆಸಿ ಹಾಕ್ತಾನೆ" ಎಂದು ಮಾಲೀಕರು ರೇಗಿಸಿದರೆ ಅವನು ನಗುತ್ತಲೇ ಅವರ ಮೇಜಿನ ಗಾಜು ಒರೆಸುತ್ತಿದ್ದ.

ಕೆಲಸದಲ್ಲಿ ಮಾತ್ರ ಅವನ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಲೆನ್ಸಿನ ನಡು ಕಣ್ಣಿನ ನಡುವಿಗೆ ಸರಿಯಾಗಿ ಬರಬೇಕು, ಒಂದೆರಡು ಮಿಲಿಮೀಟರ್ ಆಚೀಚೆಯಾದರೆ ಹಾಕಿಕೊಂಡವರಿಗೆ ದಿನವೆಲ್ಲ ತಲೆನೋವು ಎನ್ನುವುದನ್ನು ಅರೆದು ಕುಡಿದವನು. ಇಷ್ಟು ಅಚ್ಚುಕಟ್ಟಿನ ಮನುಷ್ಯನ ಸಂಸಾರ ಮಾತ್ರ ಅಚ್ಚುಕಟ್ಟಾಗಿ ಉಳಿಯಲಿಲ್ಲ. ಆರು ವರ್ಷದ ಹಿಂದೆ ಹೆಂಡತಿ ಎಂಟು ವರ್ಷದ ಮಗಳನ್ನು ಕರೆದುಕೊಂಡು ಊರಿನ ಇನ್ನೊಂದು ತುದಿಗೆ, ಎರಡು ಬಸ್ಸಿನ ದೂರಕ್ಕೆ ಹೋಗಿಬಿಟ್ಟಳು. ದೊಡ್ಡ ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ರಾಜಿಯಾದರೂ ಆಗುತ್ತಿತ್ತೇನೋ. ಈ ಮಹಾರಾಯ ಮನಸ್ಸಿನಲ್ಲಿ ಇದ್ದದ್ದನ್ನು ಬಾಯಿಗೆ ತರುವ ಪೈಕಿಯಲ್ಲ. ಅವಳು ಪೆಟ್ಟಿಗೆ ಕಟ್ಟುವಾಗ ಬೀಗ ಸರಿಯಾಗಿ ಬೀಳುತ್ತಿಲ್ಲವೆಂದು ಅದಕ್ಕೆ ಎಣ್ಣೆ ಬಿಟ್ಟುಕೊಟ್ಟವನು.

ಮಗಳು ಮೊದಮೊದಲು ಪ್ರತಿ ಭಾನುವಾರ ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದಳು. ಆಮೇಲೆ ಮಧ್ಯಾಹ್ನ ಬರತೊಡಗಿದಳು. ಆಮೇಲೆ ಒಂದು ಭಾನುವಾರ ಬಿಟ್ಟು ಒಂದು ಭಾನುವಾರ, ಅದೂ ಗಂಟೆ ನೋಡಿಕೊಂಡು. ಹದಿನಾಲ್ಕು ತುಂಬಿದ ಮೇಲೆ ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಅವಳು ಬಾರದ ಭಾನುವಾರಗಳಲ್ಲಿ ಒರೆಸಣ್ಣ ಎರಡು ಲೋಟ ತೊಳೆದಿಟ್ಟು, ಮೆಟ್ಟಿಲ ಮೇಲೆ ಯಾರ ಹೆಜ್ಜೆ ಸಪ್ಪಳವಾದರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಮೇಲಿನ ಮನೆಯವರು, ಪೇಪರ್ ಹಾಕುವವರು, ಮೀಟರ್ ನೋಡುವವರು ಎಲ್ಲರೂ ಬರುತ್ತಿದ್ದರು. ಮಗಳು ಬೇಕೆಂಬ ಆಸೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಈ ಸಲದ ದೊಡ್ಡ ರಜೆಗೆ ಹತ್ತು ದಿನ ಬಂದಿರಲಿ ಎಂದು ಅವನು ಆಸೆಪಟ್ಟ. ಫೋನಿನಲ್ಲಿ ಸುತ್ತಿ ಬಳಸಿ ವಿಷಯ ತಂದ. "ಅಲ್ಲಿ ಬಂದು ಏನ್ ಮಾಡ್ಲಪ್ಪಾ?" ಎಂದಳು ಮಗಳು. ಒರಟಾಗಿ ಅಂದದ್ದಲ್ಲ, ನಿಜವಾಗಿ ಕೇಳಿದ್ದು. ಅವಳಿಗೆ ಚಿತ್ರ ಬರೆದು ಆ ಚಿತ್ರ ಓಡಾಡುವಂತೆ ಮಾಡುವ ಹುಚ್ಚು. ತಾಯಿಯ ಆಫೀಸಿನ ಹಳೆಯ ಕಂಪ್ಯೂಟರಿನಲ್ಲಿ ಒಂದು ಬೆಕ್ಕನ್ನು ಗೋಡೆ ಹತ್ತಿಸಲು ಮೂರು ವಾರ ಹೆಣಗಿದ್ದಳಂತೆ. "ಎರಡು ದಿನ ಬರ್ತೀನಿ, ನೋಡೋಣ" ಎಂದಳು ಕೊನೆಗೆ. ಒರೆಸಣ್ಣ ಆ ‘ನೋಡೋಣ’ವನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಮನೆಯಲ್ಲಿ ಒಳ್ಳೆಯ ಕಂಪ್ಯೂಟರ್ ಇದ್ದರೆ ಎರಡು ದಿನ ಹತ್ತು ದಿನವಾದೀತು. ಇಷ್ಟೇ ಅವನ ಲೆಕ್ಕಾಚಾರ.

ಸಿದ್ಧ ಕಂಪ್ಯೂಟರ್ ತಂದಿಡುವುದು ಅವನ ಜಾಯಮಾನಕ್ಕೆ ಒಗ್ಗದು. ಒಬ್ಬರ ಕಣ್ಣಿನ ಕನ್ನಡಕ ಇನ್ನೊಬ್ಬರಿಗೆ ಆಗದು ಎಂದು ನಂಬಿದವನು, ಮಗಳ ಕೆಲಸಕ್ಕೆ ತಕ್ಕದ್ದನ್ನು ಬಿಡಿಬಿಡಿಯಾಗಿ ಆರಿಸಿ ತಾನೇ ಜೋಡಿಸಬೇಕು ಎಂದುಕೊಂಡ. ಊಟದ ಬಿಡುವಿನಲ್ಲಿ ಎರಡು ಬೀದಿ ಆಚೆಯ ಕಂಪ್ಯೂಟರ್ ಅಂಗಡಿಗೆ ನಡೆದ. ಅಂಗಡಿ ನಡೆಸುತ್ತಿದ್ದಾಕೆ ದಪ್ಪ ಕನ್ನಡಕದ ಹೆಂಗಸು. ಮೊದಲ ದಿನವೇ ಅದನ್ನು ತೆಗೆದು ಒರೆಸಿಕೊಟ್ಟ. ಆಕೆ ಬೆಪ್ಪಾಗಿ ಕೂತಿದ್ದಾಗ, "ಚಿತ್ರ ಓಡಾಡ್ಬೇಕು ಮೇಡಂ. ಅಂಥದ್ದು ಏನೇನು ಬೇಕು ಹೇಳಿ" ಎಂದ.

"ಮೊದ್ಲು ಪ್ರೊಸೆಸರ್ ಯಾವ್ದು ಅಂತ ಗೊತ್ತಾಗ್ಬೇಕು. ಅದು ಕೂರೋ ಸಾಕೆಟ್ ಇರೋ ಬೋರ್ಡೇ ಬೇಕು. ಆ ಬೋರ್ಡು ಯಾವ ರ‍್ಯಾಮ್ ಒಪ್ಪತ್ತೋ ಅದೇ ರ‍್ಯಾಮು. ಒಂದು ತಪ್ಪಿದ್ರೂ ಉಳಿದದ್ದೆಲ್ಲ ವ್ಯರ್ಥ" ಎಂದಳಾಕೆ.

ಒರೆಸಣ್ಣನಿಗೆ ಇದು ಹೊಸ ಮಾತಾಗಿ ಕೇಳಲೇ ಇಲ್ಲ. ಫ್ರೇಮಿಗೆ ಲೆನ್ಸ್, ಲೆನ್ಸಿಗೆ ಕಣ್ಣು, ಕಣ್ಣಿಗೆ ಮೂಗು ಎಂದು ಹೊಂದಿಸುವುದೇ ಅವನ ಬದುಕು. ನಾಲ್ಕು ತಿಂಗಳು ಆ ಅಂಗಡಿಯ ಕಟ್ಟೆ ಸವೆಸಿದ. ಹಳೆಯ ರ‍್ಯಾಮಿನ ಕಚ್ಚು ಒಂದು ಕಡೆ, ಹೊಸದರ ಕಚ್ಚು ಒಂದು ಕೂದಲೆಳೆ ಪಕ್ಕಕ್ಕೆ ಇರುವುದನ್ನು ಆಕೆ ತೋರಿಸುವ ಮುಂಚೆಯೇ ಕಂಡುಹಿಡಿದ. ಕನ್ನಡಕದ ಅಂಗಡಿಯಿಂದ ಫ್ರೇಮ್ ಅಳೆಯುವ ಉಕ್ಕಿನ ಅಳತೆಕಡ್ಡಿ ತಂದು, ಪ್ರೊಸೆಸರನ್ನು ತಂಪಾಗಿಡಲು ಆಕೆ ಆರಿಸಿದ್ದ ಕೂಲರ್ ನೂರ ಐವತ್ತೆಂಟು ಮಿಲಿಮೀಟರ್ ಎತ್ತರ, ಕ್ಯಾಬಿನೆಟ್ಟಿನೊಳಗೆ ನೂರ ಐವತ್ತೈದಕ್ಕಷ್ಟೇ ಜಾಗ, ಬಾಗಿಲು ಮುಚ್ಚುವುದಿಲ್ಲ ಎಂದು ತಕರಾರು ತೆಗೆದ. ಆಕೆ ಗಿಡ್ಡದೊಂದನ್ನು ಕೊಟ್ಟಳು. ಗ್ರಾಫಿಕ್ಸ್ ಕಾರ್ಡ್ ಎಷ್ಟು ಕರೆಂಟ್ ತಿನ್ನುತ್ತದೆಂದು ಕೇಳಿ ಕೇಳಿ ಅದಕ್ಕೆ ತಕ್ಕ ಪವರ್ ಸಪ್ಲೈ ಆರಿಸಿದ. "ನಾವೇ ಜೋಡಿಸಿ ಕೊಡ್ತೀವಿ, ಒಂದು ಗಂಟೆ ಕೆಲಸ" ಎಂದರೆ, "ಬೇಡ ಮೇಡಂ. ಇದನ್ನ ಅಪ್ಪ ಮಾಡಿದ್ದು ಅಂತ ಅವಳಿಗೆ ಗೊತ್ತಾಗ್ಬೇಕು" ಎಂದ. ಇಷ್ಟು ಮಾತು ಅವನ ಬಾಯಿಂದ ಬಂದದ್ದೇ ಹೆಚ್ಚು.

ಮಗಳು ಬರುವ ಹಿಂದಿನ ದಿನ ಅವನಿಗೆ ವಾರದ ರಜೆ. ಬೆಳಿಗ್ಗೆಯೇ ಕಿಟಕಿ ಬಳಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಎಲ್ಲವನ್ನೂ ಹರಡಿಕೊಂಡ. ಪ್ರೊಸೆಸರ್ ಒಂದಿಷ್ಟೂ ಒತ್ತದೆ ತನ್ನ ಗುಳಿಯಲ್ಲಿ ಕೂತಿತು. ರ‍್ಯಾಮ್ ಟಕ್ಕೆಂದಿತು. ಆಮೇಲೆ ಕೂಲರ್ ಎತ್ತಿಕೊಂಡವನು ಅದರ ಅಡಿ ತಿರುಗಿಸಿ ನೋಡಿ ಮುಖ ಸಿಂಡರಿಸಿದ. ಹೊಳೆಯುವ ಲೋಹದ ಮೇಲೆ ಬೂದು ಬಣ್ಣದ ಅಂಟು ಮೆತ್ತಿಕೊಂಡಿತ್ತು. ಕಾರ್ಖಾನೆಯಲ್ಲಿ ಯಾರೋ ಕೈ ತೊಳೆಯದೆ ಮುಟ್ಟಿದ್ದಾರೆ, ಹೊಸ ವಸ್ತುವಿಗೆ ಹೀಗಾ ಮಾಡುವುದು ಎಂದು ಬೈದುಕೊಂಡ. ಲೆನ್ಸಿನ ದ್ರಾವಣ ಎರಡು ಹನಿ ಹಾಕಿ, ಬಟ್ಟೆಯಿಂದ ಉಜ್ಜಿ ಉಜ್ಜಿ, ತನ್ನ ಮುಖ ಕಾಣುವವರೆಗೆ ಒರೆಸಿದ. ಆಮೇಲೆ ತೃಪ್ತಿಯಿಂದ ಸ್ಕ್ರೂ ಬಿಗಿದ. ಮಗಳೇ ಮೊದಲು ಬಟನ್ ಒತ್ತಲಿ ಎಂದು ತಾನು ಒತ್ತಲಿಲ್ಲ.

ಮರುದಿನ ಮಗಳು ಬಂದಳು. ಅಪ್ಪನ ಭುಜದೆತ್ತರಕ್ಕೆ ಬೆಳೆದಿದ್ದಳು ಆಗಲೇ. ಮೇಜಿನ ಮೇಲಿದ್ದದ್ದನ್ನು ನೋಡಿ ಬಾಗಿಲಲ್ಲೇ ನಿಂತಳು.

"ಯಾರದ್ದು?"

"ನಿಂದೇ. ನಾನೇ ಜೋಡಿಸ್ದೆ."

ಅವಳು ಚೀಲ ಮಂಚದ ಮೇಲಿಟ್ಟು ಕೈಕಾಲು ತೊಳೆಯಲು ಹೋದಳು. ಚೀಲ ಪಕ್ಕಕ್ಕೆ ವಾಲಿತು. ಹಿಡಿಯಲು ಹೋದ ಒರೆಸಣ್ಣನಿಗೆ ಬಟ್ಟೆಗಳ ನಡುವೆ ಲ್ಯಾಪ್‌ಟಾಪಿನ ಅಂಚು ಕಂಡಿತು. ಮುಚ್ಚಳದ ಮೇಲಿನ ತೆಳು ಪ್ಲಾಸ್ಟಿಕ್ ಇನ್ನೂ ಕಿತ್ತಿರಲಿಲ್ಲ. ಅಷ್ಟು ಹೊಸದು. ನಾಲ್ಕು ತಿಂಗಳು ತಾನು ಅಳೆದು ಹೊಂದಿಸಿದ್ದೆಲ್ಲ ಅವಳ ಚೀಲದಲ್ಲಿ ಮೊದಲೇ ಇದೆ, ಇನ್ನು ಅವಳಿಗೆ ಇಲ್ಲಿ ನಿಲ್ಲಲು ಏನು ಉಳಿಯಿತು ಎಂದು ಸಂಕಟವಾಯಿತು. ಮಗಳು ಮುಖ ಒರೆಸಿಕೊಳ್ಳುತ್ತ ಬಂದು ಅಪ್ಪನನ್ನೂ ಚೀಲವನ್ನೂ ನೋಡಿದಳು.

"ಅದು ಹಳೇದಪ್ಪ. ಅಷ್ಟು ಚೆನ್ನಾಗಿಲ್ಲ" ಎಂದು ಜಿಪ್ ಎಳೆದು ಚೀಲವನ್ನು ಮಂಚದ ಕೆಳಗೆ ತಳ್ಳಿದಳು. ಕುರ್ಚಿ ಎಳೆದುಕೊಂಡು ಬಟನ್ ಒತ್ತಿದಳು.

ದೀಪ ಹತ್ತಿತು, ಫ್ಯಾನು ತಿರುಗಿತು, ಪರದೆ ಬೆಳಗಿತು. ಒರೆಸಣ್ಣ ಉಸಿರು ಬಿಡುವುದರೊಳಗೆ ಫ್ಯಾನು ಕಿರುಚತೊಡಗಿತು, ಪರದೆ ಕಪ್ಪಾಯಿತು. ಮತ್ತೆ ಒತ್ತಿದರೂ ಅದೇ ಕತೆ. ಅವನು ಬೆವತುಹೋದ. "ಎಲ್ಲಾ ಅಳತೆ ನೋಡೇ ತಂದಿದ್ದೆ ಕಣೇ. ಯಾವ್ದೂ ತಪ್ಪಿಲ್ಲ."

ಮಗಳು ಪಕ್ಕದ ಬಾಗಿಲು ತೆಗೆದು ಇಣುಕಿದಳು. "ಇದ್ರ ಕೆಳಗೆ ಬೂದು ಪೇಸ್ಟ್ ಇತ್ತಲ್ವಾ? ಬಿಸಿ ಹೊರಗೆ ಹೋಗೋಕೆ ಹಾಕಿರ್ತಾರೆ."

"ಅದಾ? ಕೊಳಕಾಗಿತ್ತು. ಒರೆಸ್ಬಿಟ್ಟೆ."

ಮಗಳು ಅವನ ಮುಖವನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಮನೆಯ ಗೋಡೆಗಳು ಆರು ವರ್ಷದಿಂದ ಇಂಥ ಸದ್ದು ಕೇಳಿರಲಿಲ್ಲ. ಒರೆಸಣ್ಣನಿಗೆ ನಾಚಿಕೆಯಾಯಿತು, ಜೊತೆಗೆ ಅವಳು ನಗುತ್ತಲೇ ಇರಲಿ ಎನ್ನಿಸಿತು.

ಸಂಜೆ ಇಬ್ಬರೂ ಹೋಗಿ ಪೇಸ್ಟ್ ತಂದರು. ಅಂಗಡಿಯಾಕೆಗೂ ನಗು ತಡೆಯಲಾಗಲಿಲ್ಲ. ಬಟಾಣಿಯಷ್ಟು ಪೇಸ್ಟ್ ಮಗಳೇ ಹಾಕಿದಳು. ಅಪ್ಪನ ಕೈ ಬಟ್ಟೆಯ ಕಡೆ ಹೋದಾಗ ಕೈಗೊಂದು ಏಟು ಕೊಟ್ಟಳು. ಕಂಪ್ಯೂಟರ್ ಓಡಿತು, ಮಾರನೆಯ ದಿನವೂ ಓಡಿತು. ಅವಳು ಕನ್ನಡಕ ಒರೆಸುವ ಒಬ್ಬ ಮನುಷ್ಯನ ಚಿತ್ರ ಬರೆಯಲು ಕೂತಳು.

ಎರಡನೆಯ ದಿನ ಸಂಜೆ ಅವಳಿಗೆ ತಾಯಿಯ ಫೋನ್ ಬಂತು. ಒರೆಸಣ್ಣ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ. "ಇಲ್ಲಮ್ಮ, ಇನ್ನೂ ಸರಿಯಾಗಿಲ್ಲ" ಎನ್ನುತ್ತಿದ್ದಳು ಮಗಳು, ಓಡುತ್ತಿದ್ದ ಪರದೆಯ ಮುಂದೆಯೇ ಕೂತು. "ಐದು ನಿಮಿಷಕ್ಕೆ ಆಫ್ ಆಗತ್ತೆ. ಅಪ್ಪ ಒಬ್ಬನ ಕೈಲೇ ಆಗಲ್ಲ. ಇನ್ನೊಂದು ವಾರ ಹಿಡಿಯತ್ತೇನೋ." ಆಮೇಲೆ ಅತ್ತಲಿನ ಮಾತು ಕೇಳಿಸಿಕೊಂಡು, ಪೆಚ್ಚುಮೋರೆ ಹಾಕಿಕೊಂಡು ಬಂದು ಫೋನ್ ಚಾಚಿದಳು. "ನಿನ್ ಹತ್ರ ಮಾತಾಡ್ಬೇಕಂತೆ."

ಅವನು ಕೈ ಒದ್ದೆ ಇರುವಂತೆಯೇ ಫೋನ್ ತೆಗೆದುಕೊಂಡ.

"ಕಂಪ್ಯೂಟರ್ ನಿಜವಾಗ್ಲೂ ಕೆಟ್ಟಿದ್ಯಾ?" ಎಂದಿತು ಹೆಂಡತಿಯ ದನಿ.

ಮಗಳು ಕಣ್ಣಲ್ಲೇ ‘ಹೂಂ ಅಂತ ಹೇಳು’ ಎನ್ನುತ್ತಿದ್ದಳು. ಹೂಂ ಎನ್ನುವುದು ಅವನಿಗೆ ಸುಲಭವೂ ಆಗಿತ್ತು. ಆದರೆ ತನಗಾಗಿ ಮಗಳು ಸುಳ್ಳು ಹೇಳುವ ಹಾಗಾಯಿತಲ್ಲ ಎನ್ನಿಸಿತು.

"ಇಲ್ಲ. ಚೆನ್ನಾಗೇ ಇದೆ" ಎಂದ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. "ನಂಗೇ ಅವಳು ಬೇಕು. ಒಂದಿಷ್ಟು ದಿನ ಇರ್ಲಿ ಅಂತ ಕೇಳ್ತಿದೀನಿ. ಯಾವಾಗ್ಲೂ ಅಂತಲ್ಲ, ಈಗ್ಲೇ ಕರ್ಕೊಂಡು ಹೋಗ್ಬೇಡ ಅಂತ."

"ರಜೆ ಮುಗಿಯೋವರೆಗೂ ಇರ್ಲಿ" ಎಂದಳು ಹೆಂಡತಿ. ಆಮೇಲೆ ದನಿ ತಗ್ಗಿಸಿ, "ಅವತ್ತು ಹೀಗೆ ಬಾಯಿ ಬಿಟ್ಟು ಕೇಳಿದ್ದಿದ್ರೆ ನಾನೂ ಇರ್ತಿದ್ನೇನೋ" ಎಂದು ಫೋನ್ ಇಟ್ಟಳು.

ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

"ಏನಂದ್ಲು ಅಮ್ಮ?" ಎಂದಳು ಮಗಳು.

"ನೀನು ಇರ್ಬಹುದಂತೆ" ಎಂದ ಒರೆಸಣ್ಣ. ಉಳಿದದ್ದನ್ನು ಅವಳಿಗೆ ಹೇಳಲಿಲ್ಲ.